ಆಟ ಮುಗಿದ ಮೇಲಿನ ಖರ್ಚು

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಎಡಿಟಿಂಗ್ ಶುರು. ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳವರೆಗೆ, ಕೆಲಸದಿಂದ ಬಿಡುವು ಸಿಕ್ಕ ರಾತ್ರಿಗಳಲ್ಲಿ ಸೆರೆಹಿಡಿದ ಬಯಲಾಟಗಳೆಲ್ಲ ಮಳೆಗಾಲದಲ್ಲಿ ಕಂಪ್ಯೂಟರ್ ಹತ್ತುತ್ತವೆ. ಹರಕೆ ಆಟ ಆಡಿಸಿದವರು ಒಂದಿಷ್ಟು ಹಣ ಕೊಡುತ್ತಾರೆ, ಹಾಗಾಗಿ ಈ ಹವ್ಯಾಸಕ್ಕೂ ಒಂದು ಲೆಕ್ಕದ ಪುಸ್ತಕವಿದೆ. ಅದರಲ್ಲಿ ಕ್ಯಾಮೆರಾದ ಬಾಬ್ತು ಒಮ್ಮೆ ಬರೆದರೆ ಮುಗಿಯಿತು. ಮುಗಿಯದಿರುವುದು ಶೂಟ್ ಮಾಡಿದ್ದನ್ನು ಇಡುವ ಜಾಗದ ಖರ್ಚು. ಅದು ಪ್ರತಿ ಆಟಕ್ಕೂ ಹೊಸದಾಗಿ ಹುಟ್ಟುತ್ತದೆ.

4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸಿದರೆ ಗಂಟೆಗೆ 45 ಜಿಬಿ. ಚೌಕಿಪೂಜೆಯಿಂದ ಮಂಗಳದವರೆಗೆ ಏಳು ಗಂಟೆ ಎಂದಿಟ್ಟುಕೊಳ್ಳಿ, ಒಂದು ಕ್ಯಾಮೆರಾಕ್ಕೆ 315 ಜಿಬಿ. ಎರಡಕ್ಕೆ 630. ಅತ್ತ 1 ಟಿಬಿ ಡಿಸ್ಕ್ ತಂದು ವಿಂಡೋಸ್‌ನಲ್ಲಿ ನೋಡಿದರೆ ಕಾಣುವುದು 931 ಮಾತ್ರ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಅಂದರೆ ಒಂದು ಡಿಸ್ಕಿನಲ್ಲಿ ಒಂದೂವರೆ ಆಟ. ಕಾಲಮಿತಿ ಪ್ರದರ್ಶನಗಳ ಬಗ್ಗೆ ನನಗೆ ಅಸಮಾಧಾನವಿದೆ, ಆದರೆ ನನ್ನ ಹಾರ್ಡ್ ಡಿಸ್ಕಿಗೆ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಅಂಗಡಿಯವರು ಮೊದಲು ಕೈಗಿಡುವುದು ಸೆಕೆಂಡಿಗೆ 7,000 ಮೆಗಾಬೈಟ್ ಓದುವ ಎನ್‌ವಿಎಂಇ ಎಸ್‌ಎಸ್‌ಡಿಯನ್ನು. ‘ವಿಡಿಯೊ ಎಡಿಟಿಂಗ್ ಅಂದರೆ ಸ್ಪೀಡ್ ಬೇಕೇ ಬೇಕಲ್ಲ ಸಾರ್.’ ಬೇಕು, ಆದರೆ ಎಷ್ಟು? ನನ್ನ ಎರಡೂ ಕ್ಯಾಮೆರಾಗಳ ವಿಡಿಯೊ ಒಟ್ಟಿಗೆ ಓಡಿದರೂ ಡಿಸ್ಕಿನಿಂದ ಹರಿದು ಬರಬೇಕಾದದ್ದು ಸೆಕೆಂಡಿಗೆ 25 ಮೆಗಾಬೈಟ್. ಸಾಧಾರಣ ಪೋರ್ಟಬಲ್ ಹಾರ್ಡ್ ಡಿಸ್ಕ್ ಕೂಡ ನೂರರ ಆಸುಪಾಸು ಕೊಡುತ್ತದೆ. ಟೈಮ್‌ಲೈನ್ ತಡವರಿಸುವುದು ಹೆಚ್ಚಾಗಿ ಡಿಸ್ಕಿನಿಂದಲ್ಲ, ಕ್ಯಾಮೆರಾ ಬಿಗಿಯಾಗಿ ಕುಗ್ಗಿಸಿಟ್ಟ ಎಚ್.265 ಕಡತವನ್ನು ಬಿಡಿಸಿ ತೋರಿಸಲು ಪ್ರೊಸೆಸರ್ ಏದುಸಿರು ಬಿಡುವುದರಿಂದ. ಅದಕ್ಕೆ ಮದ್ದು ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಮಾತ್ರ ಮಾಡಿಕೊಳ್ಳುವ ಹಗುರ ನಕಲು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಆ ಸೌಲಭ್ಯವಿದೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಕೆಲಸ ಸಲೀಸು.

ಹಾಗೆಂದು ಎಸ್‌ಎಸ್‌ಡಿ ಬೇಡವೆನ್ನುತ್ತಿಲ್ಲ. ಪ್ರಸಂಗದ ಉದ್ದಕ್ಕೂ ಮುಂದೆ ಹಿಂದೆ ಜಿಗಿಯುವಾಗ ಅದರ ಚುರುಕು ಕಾಣುತ್ತದೆ. ಆದರೆ ಅಲ್ಲಿ ಇರಬೇಕಾದದ್ದು ಸದ್ಯ ಕತ್ತರಿ ಹಾಕುತ್ತಿರುವ ಆಟ ಒಂದೇ. ಅದಕ್ಕೆ ಸೆಕೆಂಡಿಗೆ 550 ಮೆಗಾಬೈಟಿನ ಮಾಮೂಲಿ 1 ಟಿಬಿ ಎಸ್‌ಎಸ್‌ಡಿ ಧಾರಾಳ. ಕೆಲಸ ಮುಗಿದದ್ದನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ ಅದನ್ನು ಖಾಲಿ ಮಾಡುತ್ತೇನೆ. ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿ ಕೂತರೆ ಎಸ್‌ಎಸ್‌ಡಿಯೊಳಗಿನ ವಿದ್ಯುದಾವೇಶ ಸೋರಿ ದತ್ತಾಂಶ ಕೆಡಬಹುದು, ಹಾಗಾಗಿ ಸಂಗ್ರಹಕ್ಕೆ ಅದು ದುಬಾರಿಯೂ ಹೌದು, ಅಪಾತ್ರವೂ ಹೌದು.

ಇನ್ನು ಪ್ರತಿಗಳ ವಿಚಾರ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಬಳಕೆಗೆ ತಂದ 3-2-1 ಸೂತ್ರ ಪ್ರಸಿದ್ಧ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ. ನನ್ನ ಜೇಬಿಗೆ ಒಗ್ಗಿದ್ದು ಇದರ ಬಡ ರೂಪ. ಕಚ್ಚಾ ವಿಡಿಯೊ ಎರಡು ಹಾರ್ಡ್ ಡಿಸ್ಕುಗಳಲ್ಲಿ, ಸಿದ್ಧವಾದ ಆಟದ ಮೂರನೇ ಪ್ರತಿ ಕ್ಲೌಡಿನಲ್ಲಿ. ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನ ಡೇಟಾ ಸೆಂಟರಿನ ಡಿಸ್ಕುಗಳ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. 2024ರಲ್ಲಿ ಅಲ್ಲಿ ಕೆಟ್ಟವು ಶೇ 1.57. ಅವು ತಂಪು ಕೋಣೆಯಲ್ಲಿ ಅಲುಗಾಡದೆ ಕೂತವು. ಬ್ಯಾಗಿನಲ್ಲಿ ಕುಲುಕಾಡಿ, ಕರಾವಳಿಯ ಜೂನ್ ತಿಂಗಳ ತೇವ ಕುಡಿಯುವ ನನ್ನ ಡಿಸ್ಕಿಗೆ ಅಷ್ಟು ಭರವಸೆ ಕೊಡಲಾರೆ. ಆದರೆ ಎರಡು ಡಿಸ್ಕು ಒಟ್ಟಿಗೆ ಹೋಗಬೇಕಾದರೆ ಒಂದೇ ಕಾರಣ ಎರಡಕ್ಕೂ ತಟ್ಟಬೇಕು: ಸಿಡಿಲು, ಕಳ್ಳತನ, ಮನೆಗೆ ನುಗ್ಗಿದ ನೀರು. ಅದಕ್ಕೇ ಎರಡನೆಯದು ಮೈಸೂರಿನ ತಂಗಿ ಮನೆಯಲ್ಲಿದೆ. ಅಲ್ಲಿನ ಒಣ ಹವೆಗೆ ನಾನು ಬಾಡಿಗೆ ಕೊಡುವುದಿಲ್ಲ, ಹೋದಾಗ ನೀರು ದೋಸೆ ಹುಯ್ದು ಕೊಡುತ್ತೇನೆ.

ನಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕಿನ ಪೆಟ್ಟಿಗೆ ಇಟ್ಟುಕೊಳ್ಳಿ ಎಂದವರಿದ್ದಾರೆ. ಎರಡು ಡಿಸ್ಕಿನ ರೈಡ್-1ರಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲದು, ನಿಜ. ಆದರೆ ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ, ಆದ್ದರಿಂದ ಅದು ಬ್ಯಾಕಪ್ ಅಲ್ಲ. 25 ವಾಟ್‌ನ ಪೆಟ್ಟಿಗೆ ದಿನವಿಡೀ ಉರಿದರೆ ವರ್ಷಕ್ಕೆ 219 ಯೂನಿಟ್ ಬೇರೆ. ಒಬ್ಬನೇ ಎಡಿಟ್ ಮಾಡುವ ಮನೆಗೆ ಅದು ಯಾಕೆ? ಎಲ್ಲವನ್ನೂ ಕ್ಲೌಡಿಗೆ ಏರಿಸುವುದೂ ಆಗದ ಮಾತು: 40 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಒಂದು ಟಿಬಿಗೆ 55 ಗಂಟೆ, ಅದೂ ಮಳೆಗಾಲದಲ್ಲಿ ಕರೆಂಟ್ ಕೈಕೊಡದಿದ್ದರೆ. ಯೂಟ್ಯೂಬ್ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು: ಅದು ಏರಿಸಿದ್ದನ್ನು ಮತ್ತೆ ಕುಗ್ಗಿಸುತ್ತದೆ, ಚೆಂಡೆಯ ಮೊನಚಿಗೆ ಅದು ಸಲ್ಲ.

ಬೆಲೆ ಇಳಿಯಲಿ ಎಂದು ಕಾಯುವ ಜಾತಿ ನಾನಲ್ಲ. 2011ರಲ್ಲಿ ಥಾಯ್ಲೆಂಡಿನ ಕಾರ್ಖಾನೆಗಳಿಗೆ ನೆರೆ ನುಗ್ಗಿದಾಗ ಹಾರ್ಡ್ ಡಿಸ್ಕಿನ ಬೆಲೆ ಜಗತ್ತಿನಾದ್ಯಂತ ಏರಿತ್ತು. ಬೇಕಾದ ವರ್ಷ ಬೇಕಾದಷ್ಟೇ ಕೊಳ್ಳುವುದು. ಎರಡು ಸಾವಿರಕ್ಕೆ ‘16 ಟಿಬಿ ಎಸ್‌ಎಸ್‌ಡಿ’ ಎಂಬ ಜಾಹೀರಾತು ಕಂಡರೆ ಮಾತ್ರ ಕೈ ಮುಗಿದು ಮುಂದೆ ಹೋಗಿ. ಅದರೊಳಗಿನ ತಂತ್ರಾಂಶ ಗಾತ್ರದ ಬಗ್ಗೆ ಸುಳ್ಳು ಹೇಳುತ್ತದೆ, ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಡಿಸ್ಕನ್ನು ಪೂರ್ತಿ ತುಂಬಿಸಿ, ಓದಿ, ಇದನ್ನು ಬಯಲು ಮಾಡುತ್ತದೆ. ಹೊಸ ಡಿಸ್ಕ್ ಯಾವುದೇ ಇರಲಿ, ಮೊದಲ ರಾತ್ರಿ ಅದಕ್ಕೆ ಈ ಪರೀಕ್ಷೆ.

ನಾನು ಕೊಂಡ 4 ಟಿಬಿ ಡಿಸ್ಕಿಗೆ ಹತ್ತು ಸಾವಿರದ ಆಸುಪಾಸು ಬಿತ್ತು. ಎರಡು ಪ್ರತಿ ಎಂದರೆ ಜಿಬಿಗೆ ಐದು ರೂಪಾಯಿ. ಈ ಅಂಕಿ ತಲೆಯಲ್ಲಿ ಕೂತ ಮೇಲೆ ಶೂಟಿಂಗೇ ಬದಲಾಯಿತು. ಹಿಮ್ಮೇಳದ ಮೇಲೆ ನೆಟ್ಟ ಕ್ಯಾಮೆರಾ ಅಲುಗುವುದೇ ಇಲ್ಲ, ಅದಕ್ಕೆ 4ಕೆ ಏಕೆ? 50 ಮೆಗಾಬಿಟ್‌ನ ಫುಲ್ ಎಚ್‌ಡಿಗೆ ಇಳಿಸಿದರೆ ಸುಮಾರು 160 ಜಿಬಿ, ಅಂದರೆ ಆಟಕ್ಕೆ ಎಂಟುನೂರು ರೂಪಾಯಿ ಉಳಿತಾಯ. ಉಳಿದ 470 ಜಿಬಿಯ ದಾಸ್ತಾನಿಗೆ 2,350 ರೂಪಾಯಿ. ಇದನ್ನು ಈಗ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಯುತ್ತೇನೆ: ಎರಡು ವರ್ಷ ಕಚ್ಚಾ ವಿಡಿಯೊ ಇಟ್ಟುಕೊಳ್ಳುವ ಬಾಬ್ತು. ಚೌಕಾಸಿ ಮಾಡುವವರಿಗೆ ಇನ್ನೊಂದು ದಾರಿ ಇದೆ, ಅವರದೇ ಡಿಸ್ಕ್ ತಂದುಕೊಡಬಹುದು. ಹೆಚ್ಚಿನವರು ತರುತ್ತಾರೆ. ತಂದವರಿಗೆ ನಕಲಿಳಿಸಿ ಕೊಡುವ ಮುನ್ನ, ಅದೇ ಪರೀಕ್ಷೆ.