ಮ್ಯಾಪಿನ ಬಿಳಿ ಗೆರೆ ನಂಬಿ ಕಾಡಿಗೆ ನುಗ್ಗಬೇಡಿ

ಶುಕ್ರವಾರ ರಾತ್ರಿ ಬೆಂಗಳೂರಿನ ಹೂಡಿ ಸರ್ಕಲ್ಲಿನ ಟೀ ಅಂಗಡಿ ಮುಂದೆ ಸಾಲಾಗಿ ನಿಲ್ಲುವ ನಿಮ್ಮ ಹಿಮಾಲಯನ್, ಎಕ್ಸ್‌ಪಲ್ಸ್, ಥಾರ್‌ಗಳನ್ನು ನೋಡಿದರೆ ನನಗೂ ಕೈ ಜುಮ್ಮೆನ್ನುತ್ತದೆ. ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡೇ ವಯಸ್ಸಾದ ಕೈ ಇದು. ವಾರವೆಲ್ಲ ಗ್ರಾಫೈಟ್ ಇಂಡಿಯಾ ಸಿಗ್ನಲ್ಲಿನಲ್ಲಿ ಒಂದನೇ ಗೇರಿನಲ್ಲೇ ತೆವಳಿದ ಗಾಡಿಗೆ ಶನಿವಾರ ಮಣ್ಣು ಬೇಕೆನಿಸುತ್ತದೆ, ಓಡಿಸುವವರಿಗೂ ಅಷ್ಟೇ. ಹೋಗಿ ಬನ್ನಿ ಮಕ್ಕಳೇ. ಯಾವ ಮಣ್ಣಿಗೆ ಹೋಗುತ್ತೀರಿ ಅನ್ನುವುದರ ಬಗ್ಗೆ ಮಾತ್ರ ಎರಡು ಮಾತು ಕೇಳಿಸಿಕೊಳ್ಳಿ.

ಸಕಲೇಶಪುರದಾಚೆ, ಮೂಡಿಗೆರೆಯಾಚೆ ಫೋನಿನ ಮ್ಯಾಪು ಹಿಗ್ಗಿಸಿದರೆ ಹಸಿರಿನ ನಡುವೆ ಕೂದಲೆಳೆಯಂಥ ಬಿಳಿ ಗೆರೆ ಕಾಣುತ್ತದಲ್ಲ, ಅದು ಊರವರ ರಸ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ. ಕೆಲವು ಅರಣ್ಯ ಇಲಾಖೆಯ ಜೀಪು ಗಸ್ತು ತಿರುಗುವ ದಾರಿ. ಕೆಲವು ಬೇಸಿಗೆಯಲ್ಲಿ ಬೆಂಕಿ ಹರಡದಿರಲೆಂದು ವಾಚರುಗಳು ಸವರಿದ ಫೈರ್ ಲೈನು. ಇನ್ನು ಕೆಲವು ಯಾವುದೋ ಕಾಫಿ ತೋಟದವರ ಸ್ವಂತ ದಾರಿ, ಇಲ್ಲವೇ ದನ ನಡೆದು ಆದ ಜಾಡು. ಗೇಟು ತೆರೆದಿತ್ತು ಅನ್ನುವುದು ಅನುಮತಿ ಆಗುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅತಿಕ್ರಮವಾಗಿ ಕಾಲಿಡುವುದೇ ಅಪರಾಧ. ಗಾಡಿ ಮಾತು ದೂರ ಇರಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ಅದಕ್ಕೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ದಂಡ 1 ಲಕ್ಷ ರೂಪಾಯಿವರೆಗೂ ಹೋಗಬಹುದು, ಜೈಲು 3 ವರ್ಷದವರೆಗೆ. ಗಾಡಿ ಜಪ್ತಿಯಾಗಿ ರೇಂಜ್ ಆಫೀಸಿನ ಹಿಂದೆ ಮಳೆಯಲ್ಲಿ ನೆನೆಯುತ್ತಾ ನಿಂತರೂ ಇಎಂಐ ನಿಲ್ಲುವುದಿಲ್ಲ, ನೆನಪಿರಲಿ.

ನಮ್ಮ ದೇಶದಲ್ಲಿ ಮಾತ್ರ ಇಷ್ಟು ಕಟ್ಟುಪಾಡು ಅಂದುಕೊಳ್ಳಬೇಡಿ. ನಿಮ್ಮಲ್ಲಿ ಆನ್‌ಸೈಟ್ ಹೋಗಿ ಬಂದವರು ಅಮೆರಿಕದ ಕಾಡುಗಳಲ್ಲಿ ಗಾಡಿ ಹತ್ತಿಸಿದ ಕತೆ ಹೇಳುತ್ತೀರಿ. ಅಲ್ಲಿ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿ, ಸರ್ಕಾರಿ ಜಮೀನಿನಲ್ಲಿ ಇಂಥ ಗಾಡಿ ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಅಂತ ಗುರುತು ಮಾಡಿ ಅಂದರು. 2005ರ ನಿಯಮದ ನಂತರ ಅಲ್ಲಿನ ಅರಣ್ಯ ಸೇವೆ ಒಂದೊಂದು ಕಾಡಿಗೂ ಗಾಡಿ ದಾರಿಯ ನಕ್ಷೆ ಅಚ್ಚು ಹಾಕಿಸಿ ಕೊಡುತ್ತದೆ. ಆ ನಕ್ಷೆಯಲ್ಲಿ ಇಲ್ಲದ ದಾರಿಗೆ ಚಕ್ರ ಇಳಿಸುವಂತಿಲ್ಲ. ನಮ್ಮಲ್ಲೂ ಅಂಥದೊಂದು ನಕ್ಷೆ ಆಗಲಿ ಅನ್ನುವ ಆಸೆ ನನಗಿದೆ. ಆಗುವ ತನಕ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಂಡು ಹೋಗುವುದೇ ದಾರಿ. ಬೇಡ ಅಂದರೆ ಬೇಡ.

ಕಾನೂನು ಹಾಗಿರಲಿ, ಹುಲ್ಲಿನ ಲೆಕ್ಕ ಹೇಳುತ್ತೇನೆ. ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆ ಬೆಟ್ಟದ ನೆತ್ತಿಯೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಬಂದು ನೋಡುವವರಿಗೆ ಬೋಳು ಗುಡ್ಡ, ಗಾಡಿ ಹತ್ತಿಸಲೆಂದೇ ಮಾಡಿದ ಹಾಗೆ. ಆ ಹುಲ್ಲಿನ ಬೇರು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯ ತನಕ ಹನಿ ಹನಿಯಾಗಿ ಹಳ್ಳಕ್ಕೆ ಬಿಡುತ್ತದೆ. ನಾಬಿ ಟೈರಿನ ಗಂಟುಗಳು ಹಿಡಿತ ಸಿಗಲೆಂದೇ ಇರುವುದು, ಅವು ಒದ್ದೆ ನೆಲದ ಹುಲ್ಲನ್ನು ಬೇರು ಸಮೇತ ಕಿತ್ತು ಹಿಂದಕ್ಕೆ ಎಸೆಯುತ್ತವೆ. ಗಾಡಿಯ ಭಾರಕ್ಕೆ ಮಣ್ಣು ಗಟ್ಟಿಯಾಗಿ, ಒಳಗೆ ಇಂಗಬೇಕಾದ ನೀರು ಚಕ್ರದ ಗೆರೆಯಲ್ಲೇ ಇಳಿಜಾರಿಗೆ ಓಡುತ್ತದೆ. ಮುಂದಿನ ಮಳೆಗೆ ಗೆರೆ ಚರಂಡಿಯಾಗುತ್ತದೆ. ಚರಂಡಿ ಆಯಿತಲ್ಲ ಅಂತ ಹಿಂದೆ ಬಂದವನು ಪಕ್ಕದ ಹುಲ್ಲಿನ ಮೇಲೆ ಹತ್ತಿಸುತ್ತಾನೆ, ಅವನ ಹಿಂದಿನವನು ಇನ್ನೂ ಪಕ್ಕಕ್ಕೆ. ಒಂದು ಜಾಡು ಇದ್ದ ಕಡೆ ನಾಲ್ಕು ಕೊರಕಲು.

ಮೂಡಿಗೆರೆ ಸೀಮೆಯ ಇಂಥ ಬೆಟ್ಟಗಳಲ್ಲೇ ಹೇಮಾವತಿ ಹುಟ್ಟುವುದು. ಗೊರೂರು ಅಣೆಕಟ್ಟೆ ದಾಟಿ ಕೆಆರ್‌ಎಸ್‌ಗೆ ಬಂದು ಕಾವೇರಿ ಸೇರುತ್ತದೆ. ಆ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಎತ್ತಿ, ಹತ್ತಿರ ಹತ್ತಿರ ನೂರು ಕಿಲೋಮೀಟರ್ ಪೈಪಿನಲ್ಲಿ ತಳ್ಳಿ ಬೆಂಗಳೂರಿಗೆ ತರುತ್ತಾರೆ. 2024ರ ಬೇಸಿಗೆಯಲ್ಲಿ ನಿಮ್ಮ ಅಪಾರ್ಟ್‌ಮೆಂಟಿನವರು, ಪಿಜಿಯವರು ಟ್ಯಾಂಕರಿಗೆ ಫೋನ್ ಮೇಲೆ ಫೋನ್ ಮಾಡಿ ಕೂತಿದ್ದು ಮರೆತಿರಲಾರಿರಿ. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾದಾಗ, ದಿನಕ್ಕೆ 77.5 ಕೋಟಿ ಲೀಟರ್ ಬರುತ್ತದೆ ಅಂತ ಎಲ್ಲರೂ ಖುಷಿಪಟ್ಟಿರಿ. ಆ ನೀರಿನ ಒಂದು ಪಾಲಿಗೆ ತಲೆಯ ಮೇಲಿನ ಟ್ಯಾಂಕು ಅದೇ ಗುಡ್ಡ.

ಬಯಲು ಸೀಮೆಯ ಗುಡ್ಡ ಆದರೆ ಪರವಾಗಿಲ್ಲ, ಅಲ್ಲೇನಿದೆ ಬರೀ ಕಲ್ಲು ಅನ್ನುತ್ತೀರಿ. ಫೆಬ್ರವರಿ ಮಾರ್ಚಿಗೆ ಹುಲ್ಲು ಒಣಗಿರುತ್ತದೆ. ಕಾದ ಸೈಲೆನ್ಸರು ತಗುಲಿದರೆ ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ಬೇಸಿಗೆಯಲ್ಲೇ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುವುದು. ಗೂಡು ಅಂತ ಏನೂ ಇರುವುದಿಲ್ಲ, ನೆಲ ಸ್ವಲ್ಪ ಕೆದರಿ, ಸುತ್ತ ನಾಲ್ಕು ಹರಳು. ಮೊಟ್ಟೆಯೂ ಹರಳಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಬಗ್ಗಿ ನೋಡಿದವರಿಗೇ ಗುರುತು ಸಿಗುವುದಿಲ್ಲ, ಹೆಲ್ಮೆಟ್ಟಿನೊಳಗಿನ ಕಣ್ಣಿಗೆ ಏನು ಕಂಡೀತು? ಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಬಂದ ಗೆರೆಯಲ್ಲೇ ಹಿಂದಕ್ಕೆ ತಳ್ಳಿಕೊಂಡು ಬನ್ನಿ. ಇನ್ನೊಂದು, ಊರಿಂದ ಹೊರಡುವ ಮೊದಲೇ ಟೈರು, ಮಡ್‌ಗಾರ್ಡು ಚೆನ್ನಾಗಿ ತೊಳೆಯಿರಿ. ನಮ್ಮ ಖಾಲಿ ಸೈಟುಗಳ ಕಾಂಗ್ರೆಸ್ ಗಿಡದ ಬೀಜ ಕೆಸರಿನ ಜೊತೆ ಅಲ್ಲಿಗೂ ಪ್ರಯಾಣ ಮಾಡುತ್ತದೆ.

ಕಾಡು ಹೋದರೆ ಏನಾಗುತ್ತದೆ ಅಂತ ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ, ಮೆಟ್ರೋ ಹತ್ತಿದರೆ ಸಾಕು. ಪರ್ಪಲ್ ಲೈನಿನಲ್ಲಿ ಕಾಡುಗೋಡಿ ಟ್ರೀ ಪಾರ್ಕ್ ಅಂತ ಸ್ಟೇಷನ್ ಇದೆ. ಆ ಕಾಡುಗೋಡಿ ಪ್ಲಾಂಟೇಶನ್ 1896ರಲ್ಲೇ ಅರಣ್ಯ ಅಂತ ಅಧಿಸೂಚನೆಯಾದ 711 ಎಕರೆ. ಕಾರ್ಖಾನೆ, ಕಟ್ಟಡ ಅಂತ ಕರಗುತ್ತಾ ಬಂದು, 2025ರ ಜೂನಿನಲ್ಲಿ ಇಲಾಖೆ 120 ಎಕರೆ ವಾಪಸು ಪಡೆದಿದ್ದೇ ದೊಡ್ಡ ಸುದ್ದಿಯಾಯಿತು. ನಮ್ಮ ಕಾಲದವರು ಬಾಯಿ ಮುಚ್ಚಿಕೊಂಡು ನೋಡಿದ್ದು ಇದು.

ಹಾಗಾದರೆ ಎಲ್ಲಿ ಹೋಗಬೇಕು ಅಂಕಲ್ ಅಂತೀರಿ. ಮಣ್ಣಿನ ದಾರಿಯಲ್ಲಿ ಮೈ ಕುಲುಕಿಸಿಕೊಳ್ಳುವ ಆಸೆಗೆ ಮಡಿಕೇರಿ ಹತ್ತಿರ ಮಾಂದಲಪಟ್ಟಿ ಇದೆ, ‘ಗಾಳಿಪಟ’ ಸಿನಿಮಾದ ಮುಗಿಲುಪೇಟೆ. ಅರಣ್ಯ ಇಲಾಖೆಯ ಗೇಟಿನಲ್ಲಿ ದುಡ್ಡು ಕಟ್ಟಿ, ಅಲ್ಲಿಯವರ ಜೀಪಿನಲ್ಲೇ ಕೂತು ಹೋಗಿ. ಆ ಡ್ರೈವರುಗಳ ಕಾಲು ಕ್ಲಚ್ಚಿನ ಮೇಲೆ ಹೇಗೆ ಆಡುತ್ತದೆ ನೋಡಿ, ಯೂಟ್ಯೂಬಿನಲ್ಲಿ ಅದು ಸಿಗುವುದಿಲ್ಲ.

ನೀವೇ ಓಡಿಸಬೇಕಾದರೆ ನಮ್ಮದೇ ಹಳೇ ಮದ್ರಾಸ್ ರಸ್ತೆ ಹಿಡಿಯಿರಿ. ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಕೋಲಾರದ ಕಡೆ ಬಿಗ್ ರಾಕ್ ಅಂತ ಡರ್ಟ್ ಪಾರ್ಕ್ ಕಟ್ಟಿದರು. ಬೀಳಲಿಕ್ಕೆಂದೇ ಮಾಡಿದ ಮಣ್ಣು ಅದು, ಅಲ್ಲಿ ನೀವು ಎಷ್ಟು ಉತ್ತರೂ ಯಾವ ಹಳ್ಳವೂ ಬತ್ತುವುದಿಲ್ಲ. ಅಂಥ ಸಂತೋಷ್ ಕೂಡ 2021ರ ಜನವರಿಯಲ್ಲಿ ಅದೇ ರ‍್ಯಾಲಿಯಲ್ಲಿ ಸೌದಿಯ ಮರಳುಗಾಡಿನಲ್ಲಿ ಬಿದ್ದಾಗ ವೈದ್ಯರು ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿಯೇ ಇಟ್ಟಿರಬೇಕಾಯಿತು. ರ‍್ಯಾಲಿ ಅಂದಮೇಲೆ ಹೆಲಿಕಾಪ್ಟರು, ಡಾಕ್ಟರು ಸಿದ್ಧ ಇರುತ್ತಾರೆ. ನೆಟ್‌ವರ್ಕ್ ಇಲ್ಲದ ಬಿಸಿಲೆ ಕಾಡಿನ ತಿರುವಿನಲ್ಲಿ ನೀವು ಬಿದ್ದರೆ, ಕದ್ದು ಹೋಗಿದ್ದೇವೆ ಅಂತ ಮನೆಯವರಿಗೂ ಹೇಳದೆ ಹೋಗಿರುತ್ತೀರಲ್ಲ, ಹುಡುಕಿಕೊಂಡು ಎಲ್ಲಿಗೆ ಬರಬೇಕು?

ಕ್ರ್ಯಾಶ್ ಗಾರ್ಡು, ಫಾಗ್ ಲ್ಯಾಂಪಿಗೆ ದುಡ್ಡು ಸುರಿಯುವ ಮೊದಲು ಮಂಡಿಗೆ ಗಾರ್ಡು, ಕಣಕಾಲು ಮುಚ್ಚುವ ಗಟ್ಟಿ ಬೂಟು ತಗೊಳ್ಳಿ. ಮೊದಲ ಸಲ ಹೋಗುವವರು ಟೈರಿನ ಗಾಳಿ ತುಸು ಇಳಿಸಿ, ಸೀಟಿನಿಂದೆದ್ದು ಫುಟ್‌ರೆಸ್ಟಿನ ಮೇಲೆ ನಿಂತು ಓಡಿಸುವುದನ್ನು ಕಲಿಯಿರಿ. ಶನಿವಾರ ಬೆಳಗ್ಗೆ ಐದೂವರೆಗೆಲ್ಲ ಭಟ್ಟರಹಳ್ಳಿ ದಾಟಿಬಿಡಿ, ಆಮೇಲೆ ಹೊಸಕೋಟೆ ತನಕ ಲಾರಿಗಳ ಹಿಂದೆಯೇ ಹೋಗಬೇಕಾಗುತ್ತದೆ.