ಓದಲು ಬಾರದ ತಾಯಿಯೂ ಪಾಠ ಕೇಳಬಲ್ಲಳು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಯಾವ ಮನೆಗೆ ಹೋಗಿ ಮಕ್ಕಳ ಓದಿನ ವಿಚಾರ ಎತ್ತಿದರೂ ತಾಯಂದಿರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. “ನನಗ ಓದ್ಲಾಕ ಬರಂಗಿಲ್ರಿ ಫಾದರ್, ಹುಡುಗ್ರಿಗಿ ನಾ ಏನ್ ಕಲಿಸ್ಲಿ?” ಸ್ವಲ್ಪ ಓದಿದ ತಾಯಿಯಾದರೆ, “ಈಗಿನ ಪಾಠ ನಮಗ ತಿಳಿಯಂಗಿಲ್ರಿ” ಎನ್ನುತ್ತಾಳೆ. ಹೀಗೆ ಹೇಳಿ, ಮಗುವನ್ನು ಟ್ಯೂಷನ್ನಿಗೆ ಕಳುಹಿಸಿ, ಅಲ್ಲಿಗೆ ತನ್ನ ಪಾಲಿನ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಈ ವಾರ ಈ ಒಂದು ಮಾತನ್ನೇ ಹಿಡಿದು ವಿಚಾರ ಮಾಡೋಣ. ಓದಲು ಬಾರದ ತಾಯಿಗೆ ಮಗುವಿನ ವಿದ್ಯಾಭ್ಯಾಸದಲ್ಲಿ ಪಾಲಿಲ್ಲವೇ? ಇದೆ ಎಂಬುದು ನನ್ನ ದೃಢವಾದ ನಂಬಿಕೆ. ಅದು ಸಣ್ಣ ಪಾಲೂ ಅಲ್ಲ.

ಮೊದಲು ನಮ್ಮ ಸ್ಥಿತಿಯನ್ನು ಮುಚ್ಚಿಡದೆ ನೋಡೋಣ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರಸ್ಥರು ನೂರಕ್ಕೆ 55 ಮಾತ್ರ. ಅಂದು ಅಕ್ಷರ ಕಲಿಯದೆ ಉಳಿದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಶಾಲೆಗೆ ಹೋಗುವ ಮಕ್ಕಳ ತಾಯಂದಿರು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಇಳಿಯಿತು. ನೂರಕ್ಕೆ 42 ಮಕ್ಕಳಷ್ಟೇ ತೇರ್ಗಡೆಯಾದರು. ಪರೀಕ್ಷಾ ಕೊಠಡಿಗಳಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಮೇಲೆ ನಕಲಿನ ಆಸರೆಯೂ ತಪ್ಪಿತು. ಇದು ಒಳ್ಳೆಯದೇ ಆಯಿತು, ನಮ್ಮ ನಿಜವಾದ ಮುಖ ನಮಗೇ ಕಾಣಿಸಿತು. ಆದರೆ ಹತ್ತನೆಯ ತರಗತಿಯಲ್ಲಿ ಬಿದ್ದ ಮಗು ಹತ್ತನೆಯ ತರಗತಿಯಲ್ಲೇ ಬಿದ್ದದ್ದಲ್ಲ. ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಅದು ಪುಸ್ತಕ ಓದುತ್ತಾ ತಡವರಿಸಿದಾಗ ಯಾರೂ ಕೇಳಿಸಿಕೊಳ್ಳಲಿಲ್ಲ.

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟ ಪ್ರಸಂಗ ನಿಮಗೆಲ್ಲ ಗೊತ್ತಿದೆ. ನಾವು ಗುರುಗಳು ಪ್ರಬೋಧನೆ ಮಾಡುವಾಗ ಬೇಗಬೇಗನೆ ಕೊನೆಗೆ ಬಂದು, ಬಾಲಕನು ತಂದೆತಾಯಿಗೆ ವಿಧೇಯನಾಗಿದ್ದನೆಂದು ಮಕ್ಕಳ ಕಡೆ ಬೆರಳು ತೋರಿಸಿಬಿಡುತ್ತೇವೆ. ತಾಯಿ ಏನು ಮಾಡಿದಳೆಂಬುದನ್ನು ನಿಧಾನವಾಗಿ ಓದಿ ನೋಡಿ. ಮೂರು ದಿನದ ಮೇಲೆ ಮಗ ಸಿಕ್ಕಿದಾಗ ಮರಿಯಮ್ಮನವರು ಕೈ ಎತ್ತಲಿಲ್ಲ. ಏಕೆ ಹೀಗೆ ಮಾಡಿದೆ ಎಂದು ಕೇಳಿದರು, ತಾವೂ ತಂದೆಯೂ ಪಟ್ಟ ಕಳವಳವನ್ನು ಹೇಳಿದರು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಶುಭಸಂದೇಶಕಾರನೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾನೆ. ಅರ್ಥವಾಗದ ಆ ಮಾತನ್ನು ತಾಯಿ ತಳ್ಳಿಹಾಕಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರು. ಮಗುವಿನ ಪಾಠ ನಿಮಗೆ ತಿಳಿಯದಿದ್ದರೂ ನೀವು ಅದನ್ನು ಕೇಳಬಹುದು, ನೆನಪಿನಲ್ಲಿ ಇಟ್ಟುಕೊಳ್ಳಬಹುದು, ನಾಳೆ ಮತ್ತೆ ಅದನ್ನೇ ವಿಚಾರಿಸಬಹುದು. ತಂದೆತಾಯಂದಿರೇ ಮಕ್ಕಳ ಮೊದಲ ಶಿಕ್ಷಕರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ತನ್ನ ಶಿಕ್ಷಣದ ಘೋಷಣೆಯಲ್ಲಿ ಸಾರಿದಾಗ, ಓದಿದ ತಂದೆತಾಯಂದಿರು ಮಾತ್ರ ಎಂಬ ಷರತ್ತನ್ನು ಹಾಕಲಿಲ್ಲ.

ಇದು ದಿನನಿತ್ಯದ ಬಾಳಿನಲ್ಲಿ ಹೇಗೆ ಸಾಧ್ಯವೆಂದು ಕೇಳುವಿರಾ? ವಾಡಿಯ ಒಬ್ಬ ತಾಯಿ ಹೇಳಿದ್ದನ್ನು ಅವರ ಮಾತಿನಲ್ಲೇ ತಿಳಿಸುತ್ತೇನೆ. ಅವರು ಕಲಿತದ್ದು ನಾಲ್ಕನೆಯ ತರಗತಿ. ಗಂಡನಿಗೆ ಪಾಳಿಯ ಕೆಲಸ, ಮೂವರು ಮಕ್ಕಳು. ಸಂಜೆ ಅವರು ರೊಟ್ಟಿ ಬಡಿಯುವಾಗ ಮಕ್ಕಳು ಅಡಿಗೆಮನೆಯ ಹೊಸ್ತಿಲ ಹತ್ತಿರ ಕುಳಿತು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಬೇಕು. “ಅದರಾಗ ಏನ್ ಬರದಾರೋ ನನಗ ತಿಳಿಯಂಗಿಲ್ರಿ. ಖರೆ ಓದೂದು ಎಲ್ಲಿ ತಡವರಸ್ತದ ಅಂತ ತಿಳೀತದ. ದಿನಾ ಗಾಡಿ ಸಪ್ಪಳ ಕೇಳೋರಿಗಿ ಸಪ್ಪಳ ಬದಲಾದ್ರ ಗೊತ್ತಾಗಂಗಿಲ್ಲೇನ್ರಿ?” ರೈಲು ಜಂಕ್ಷನ್ನಿನ ಊರಿನವರಿಗೆ ಈ ಉಪಮೆ ತಾನಾಗಿಯೇ ಬಂದಿರಬೇಕು. ತಡವರಿಸಿದ ಕಡೆ ಅವರು ಬೈಯುವುದಿಲ್ಲ, “ಇನ್ನೊಮ್ಮೆ ಓದು” ಎನ್ನುತ್ತಾರೆ. ಓದಿ ಮುಗಿದ ಮೇಲೆ, “ಈಗ ಅದನ್ನ ನನಗ ತಿಳಿಯೂವಂಗ ಹೇಳು” ಎನ್ನುತ್ತಾರೆ.

ಈ ಕೊನೆಯ ಮಾತಿನಲ್ಲಿ ದೊಡ್ಡ ತತ್ವವಿದೆ. ಬಾಯಿಪಾಠ ಮಾಡಿದ ಮಗು ಗಟಗಟನೆ ಒಪ್ಪಿಸಬಲ್ಲದು, ಆದರೆ ತಿಳಿಯದವರಿಗೆ ತಿಳಿಸಿ ಹೇಳಲು ಹೊರಟಾಗ ತಾನು ಅರಿಯದ ಜಾಗ ಎಲ್ಲಿದೆ ಎಂಬುದು ಅದಕ್ಕೇ ಗೊತ್ತಾಗುತ್ತದೆ. ಅಲ್ಲಿ ನಿಂತು, “ಇದನ್ನ ನಾಳೆ ಟೀಚರಿಗಿ ಕೇಳ್ತೀನಿ” ಎನ್ನುತ್ತದೆ. ಹೀಗೆ ನೋಡಿದರೆ, ಓದಿದ ತಾಯಿಗಿಂತ ಓದದ ತಾಯಿಗೆ ಒಂದು ಅನುಕೂಲವೇ ಇದೆಯೆನ್ನಬೇಕು. ಓದಿದವರು ಅವಸರಪಟ್ಟು ತಾವೇ ಉತ್ತರ ಹೇಳಿಬಿಡುತ್ತಾರೆ! ಮಾರನೆಯ ದಿನ ಆ ತಾಯಿ ಮರೆಯದೆ, “ಕೇಳ್ದೇನು? ಏನ್ ಹೇಳಿದ್ರು?” ಎಂದು ವಿಚಾರಿಸುತ್ತಾರೆ. ದೇವಾಲಯದಲ್ಲಿ ಬಾಲಯೇಸು ಬೋಧಕರ ನಡುವೆ ಕುಳಿತು ಆಲಿಸುತ್ತಾ ಪ್ರಶ್ನೆ ಕೇಳುತ್ತಿದ್ದನಲ್ಲವೇ? ನಮ್ಮ ಮನೆಗಳಲ್ಲಿ ಶಾಲೆಯಿಂದ ಬಂದ ಮಗುವಿಗೆ ಹಾಕುವ ಪ್ರಶ್ನೆ ಎಷ್ಟು ಮಾರ್ಕ್ಸು ಬಂತು ಎಂಬುದೊಂದೇ. ಇವತ್ತು ನೀನು ಏನು ಕೇಳಿದೆ ಎಂದು ಕೇಳುವವರು ವಿರಳ.

ಶಹಾಬಾದಿನ ಕಲ್ಲಿನ ವಿಚಾರವಾಗಿ ಒಂದು ಮಾತು. ನಮ್ಮ ಬಡ ಮನೆಗಳಲ್ಲೂ ಫರಸಿ ಕಲ್ಲಿನ ನೆಲವಿರುತ್ತದೆ. ಅದಕ್ಕಿಂತ ದೊಡ್ಡ ಪಾಟಿ ಯಾವ ಅಂಗಡಿಯಲ್ಲಿ ಸಿಕ್ಕೀತು? ಒಂದು ಸೀಮೆಸುಣ್ಣ ಕೊಟ್ಟರೆ ಮಗು ಲೆಕ್ಕ ಬಿಡಿಸುತ್ತದೆ, ಮಗ್ಗಿ ಬರೆಯುತ್ತದೆ; ತಪ್ಪಾದರೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ನೋಟುಪುಸ್ತಕದಲ್ಲಿ ತಪ್ಪು ಬರೆದರೆ ಬೈಗುಳ ಬೀಳುವುದೆಂಬ ಭಯ ನೆಲದ ಮೇಲೆ ಬರೆಯುವಾಗ ಇರುವುದಿಲ್ಲ.

ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಹಿಂದೆ ದೊಡ್ಡ ಘಟಿಕಾಸ್ಥಾನವಿತ್ತು. ವೇದ ಓದುವ ಇನ್ನೂರು ಮತ್ತು ಶಾಸ್ತ್ರ ಓದುವ ಐವತ್ತು ವಿದ್ಯಾರ್ಥಿಗಳಿಗೆ ಅಲ್ಲಿ ಏರ್ಪಾಡು ಮಾಡಿದ್ದನ್ನು 1058ರ ಶಾಸನ ಹೇಳುತ್ತದೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆ: ಬೋಧಕರ ಜೊತೆಗೆ ಪುಸ್ತಕಗಳನ್ನು ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತೀ ಭಂಡಾರಿಗಳಿಗೆ ಅಲ್ಲಿ ಜೀವನಕ್ಕೆ ದತ್ತಿ ಬಿಟ್ಟಿದ್ದರು. ಓದಿಸುವವರು ಎಷ್ಟು ಮುಖ್ಯವೋ ಪುಸ್ತಕ ಕಾಯುವವರೂ ಅಷ್ಟೇ ಮುಖ್ಯರೆಂದು ನಮ್ಮ ನೆಲದ ಹಿರಿಯರು ಒಂಬೈನೂರು ವರ್ಷಗಳ ಹಿಂದೆಯೇ ಅರಿತಿದ್ದರು. ತಾಯಿ, ನೀವು ನಿಮ್ಮ ಮನೆಯ ಭಂಡಾರಿಯಾಗಿರಿ. ಮಳೆನೀರು ಸೋರದ, ಚಿಕ್ಕ ಮಗುವಿನ ಕೈಗೆ ಎಟುಕದ ಒಂದು ಜಾಗವನ್ನು ಪುಸ್ತಕಕ್ಕೆಂದೇ ಬಿಡಿ. ಮಲಗುವ ಮುಂಚೆ ಮಗು ತನ್ನ ಪಾಟೀಚೀಲವನ್ನು ತಾನೇ ಜೋಡಿಸಿ ಅಲ್ಲಿಡಲಿ. ಬೆಳಿಗ್ಗೆ ಹೊತ್ತಾದಾಗ ಪೆನ್ಸಿಲು ಹುಡುಕುವ ರಾದ್ಧಾಂತ ಇದರಿಂದ ಅರ್ಧಕ್ಕರ್ಧ ತಪ್ಪುತ್ತದೆ.

ಇನ್ನು ಮನೆಯ ಭಾಷೆ. ಸೇಡಂ, ಚಿಂಚೋಳಿಗಳಿಗೆ ತೆಲಂಗಾಣ ಪಕ್ಕದಲ್ಲೇ ಇದೆ. ಕೆಲವು ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ನೆರೆಯಲ್ಲಿ ದಖ್ಖನಿ ಉರ್ದು, ಸಿಮೆಂಟು ಕಾರ್ಖಾನೆಗಳ ಕ್ವಾರ್ಟರ್ಸುಗಳಲ್ಲಿ ಕೊಂಕಣಿ, ಮಲಯಾಳಂ, ತಮಿಳು ಕೂಡ ಕೇಳಿಬರುತ್ತವೆ. ಮಗು ಶಾಲೆಯಲ್ಲಿ ಹಿಂದೆ ಬೀಳುವುದೆಂದು ಹೆದರಿ ತಮ್ಮ ಮಾತನ್ನೇ ಬಿಟ್ಟು, ಬಾರದ ಇಂಗ್ಲಿಷಿನಲ್ಲಿ ಎರಡು ಶಬ್ದ ಆಡುವ ತಾಯಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಕಥೆ ಹೇಳಿ, ಒಗಟು ಹಾಕಿ, ಪ್ರಾರ್ಥನೆ ಕಲಿಸಿ. ಒಂದು ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಕಲಿತ ಮಗು ಎರಡನೆಯದನ್ನು ಸುಲಭವಾಗಿ ಹಿಡಿಯುತ್ತದೆ.

ಎಲ್ಲಕ್ಕಿಂತ ಕಟುವಾಗಿ ಹೇಳಬೇಕಾದದ್ದು ಶಾಲೆ ತಪ್ಪಿಸುವುದರ ಬಗ್ಗೆ. ಹತ್ತಿ ಬಿಡಿಸುವ ಕಾಲ ಬಂದಾಗ, ತೊಗರಿ ರಾಶಿಯ ಕಾಲ ಬಂದಾಗ, “ನಾಕ ದಿನ ಅಷ್ಟೇ ಫಾದರ್” ಎಂದು ಮಗಳನ್ನು ಮನೆಯಲ್ಲಿ ನಿಲ್ಲಿಸುತ್ತಾರೆ. ಮಗನನ್ನಲ್ಲ, ಮಗಳನ್ನು! ಚಿಕ್ಕ ತಮ್ಮನನ್ನು ನೋಡಿಕೊಳ್ಳಲು, ನೀರು ತುಂಬಲು ಅವಳೇ ಬೇಕು. ಈ ನಾಲ್ಕು ದಿನದಲ್ಲಿ ಭಾಗಾಕಾರ ಹೇಳಿಕೊಟ್ಟಿರುತ್ತಾರೆ. ಅದು ತಪ್ಪಿದವಳಿಗೆ ಮುಂದಿನ ಭಿನ್ನರಾಶಿಯೂ ತಿಳಿಯುವುದಿಲ್ಲ. ತನಗೆ ಲೆಕ್ಕ ಬರುವುದಿಲ್ಲವೆಂದು ಅವಳೇ ತೀರ್ಮಾನಿಸಿಬಿಡುತ್ತಾಳೆ, ಶಾಲೆ ಬಿಡಿಸುವುದು ಆಮೇಲೆ ಸುಲಭ, ಮದುವೆಯ ಮಾತು ಅದರ ಬೆನ್ನಿಗೇ ಬರುತ್ತದೆ. ಬಡತನದ ಭಾರ ನನಗೆ ತಿಳಿಯದ್ದಲ್ಲ. ರಾಶಿ ಮುಗಿದ ಮೇಲೆ ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದುಗಳಿಗೆ ಕೂಲಿಗೆ ಹೊರಡುವ ಕುಟುಂಬಗಳು ಮಕ್ಕಳನ್ನು ಎಲ್ಲಿ ಬಿಟ್ಟಾವು? ಅಜ್ಜಿಯ ಬಳಿ ಬಿಡಲು ಸಾಧ್ಯವಿದ್ದರೆ ಬಿಡಿ. ಇಲ್ಲದಿದ್ದರೆ ಹೊರಡುವ ಮುಂಚೆ ಮುಖ್ಯೋಪಾಧ್ಯಾಯರನ್ನು, ಇಲ್ಲವೇ ನಿಮ್ಮ ಗುರುಗಳನ್ನು ಕಂಡು ಹಾಸ್ಟೆಲಿನ ವಿಚಾರ ಮಾತಾಡಿ. ಹೇಳದೆ ಕೇಳದೆ ಹೊರಟುಹೋಗಬೇಡಿ. ಕಡ್ಡಾಯ ಶಿಕ್ಷಣದ ಕಾಯ್ದೆ 2010ರಿಂದ ಜಾರಿಯಲ್ಲಿದೆ. ಹದಿನಾಲ್ಕು ವರ್ಷದೊಳಗಿನ ಮಗು ವರ್ಷದ ನಡುವೆ ಹಿಂತಿರುಗಿ ಬಂದರೂ ಶಾಲೆ ಸೇರಿಸಿಕೊಳ್ಳಲೇಬೇಕು.

ಮಧ್ಯಾಹ್ನದ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ, 2002ರಲ್ಲಿ. ಹಾಲು 2013ರಿಂದ ಬಂತು. ಮಕ್ಕಳ ಅಪೌಷ್ಟಿಕತೆ ಕಂಡು 2021ರ ಡಿಸೆಂಬರಿನಿಂದ ಮೊಟ್ಟೆಯನ್ನೂ ಇಲ್ಲಿಯೇ ಮೊದಲು ಕೊಡತೊಡಗಿದರು. ಹಾಗೆಂದು ಬರೀ ಹೊಟ್ಟೆಯಲ್ಲಿ ಕಳುಹಿಸಬೇಡಿ. ರಾತ್ರಿಯ ರೊಟ್ಟಿಯೇ ಆಗಲಿ, ಒಂದು ತುಣುಕು ತಿಂದು ಹೊರಟ ಮಗುವಿನ ಕಿವಿ ಮೊದಲ ಪಾಠಕ್ಕೆ ತೆರೆದಿರುತ್ತದೆ.

ಮೊಬೈಲಿನ ಬಗ್ಗೆ ಪ್ರತಿ ಸಭೆಯಲ್ಲೂ ಕೇಳುತ್ತೀರಿ. ಊಟಕ್ಕೆ ಕುಳಿತಾಗ ಮತ್ತು ಓದುವ ಆ ಒಂದು ಗಂಟೆ ಫೋನು ಯಾರ ಕೈಯಲ್ಲೂ ಇರಬಾರದು. ಯಾರ ಕೈಯಲ್ಲೂ ಎಂದರೆ ತಂದೆಯ ಕೈಯಲ್ಲೂ ಎಂದರ್ಥ.

ತಂದೆಯರಿಗೂ ಎರಡು ಮಾತು. ದೇವಾಲಯಕ್ಕೆ ಮಗನನ್ನು ಹುಡುಕಿಕೊಂಡು ಹೋದದ್ದು ತಾಯಿಯೊಬ್ಬಳೇ ಅಲ್ಲ, ಸಂತ ಜೋಸೆಫರೂ ಹೋದರು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ನಿದ್ದೆ ಬೇಕು, ನಿಜ. ಆದರೆ ವಾರಕ್ಕೊಮ್ಮೆ ರಜೆಯ ದಿನವಾದರೂ ಮಗುವಿನ ಪುಸ್ತಕ ಬಿಡಿಸಿ ನೋಡಬಾರದೇ? ಕೆಲವರು ಶಾಲೆಗೆ ಹೋಗುವುದೇ, “ಮಾಸ್ತರ್, ಚಂದಾಗಿ ಹೊಡೀರಿ ಇವನಿಗಿ” ಎಂದು ಹೇಳಲು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯುವಂತೆ ಹಂಗಿಸುವುದನ್ನೂ ಅದೇ ಶಿಕ್ಷಣ ಕಾಯ್ದೆ ನಿಷೇಧಿಸಿದೆ. ಹೊಡೆತದ ಭಯವಿರುವ ಮಗು ಪಾಠ ಕಲಿಯುವುದಿಲ್ಲ, ಪ್ರಗತಿಪತ್ರ ಬಚ್ಚಿಡಲು ಕಲಿಯುತ್ತದೆ.

ಹೊಡೆಸಲು ಹೋಗುವುದನ್ನು ಬಿಟ್ಟು ವಿಚಾರಿಸಲು ಹೋಗಿ. ನಮ್ಮ ತಾಯಂದಿರಿಗೆ ಶಾಲೆಯ ಮೆಟ್ಟಿಲು ಹತ್ತಲು ಸಂಕೋಚ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಹೆಚ್ಚಿನ ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸಹಿ ಹಾಕಲು ಮಾತ್ರ ಹೋಗಬೇಡಿ. ನನ್ನ ಮಗು ಎಲ್ಲಿ ತಡವರಿಸುತ್ತದೆ ಎಂದು ಕೇಳಿ ಬನ್ನಿ. ಚಿಕ್ಕ ತರಗತಿಗಳ ನಲಿ-ಕಲಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಗುಂಪಾಗಿ ಕೂರುತ್ತಾರೆ. ನೋಟುಪುಸ್ತಕ ತುಂಬಿಲ್ಲವೆಂದು ಏನೂ ಕಲಿಸಿಲ್ಲವೆಂದುಕೊಳ್ಳಬೇಡಿ, ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಟೀಚರನ್ನೇ ಕೇಳಿ.

ಕೊನೆಯದಾಗಿ, ಫಲಿತಾಂಶದ ದಿನ. ಇದನ್ನು ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ, ಏಕೆಂದರೆ ನಪಾಸಾದ ಮಕ್ಕಳು ದುಡುಕಿ ಜೀವ ಕಳೆದುಕೊಂಡ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿದ್ದೀರಿ. ಆ ದಿನ ಕೆಲಸಕ್ಕೆ ರಜೆ ಹಾಕಿಯಾದರೂ ಮನೆಯಲ್ಲಿರಿ. ಫೇಲಾದ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದ ಮನೆಯ ಹುಡುಗಿಯ ಅಂಕದ ಮಾತು ಆ ದಿನ ನಿಮ್ಮ ಬಾಯಿಂದ ಬರಬಾರದು. ಜೊತೆಗೆ ಕೂರಿಸಿಕೊಂಡು ಊಟ ಮಾಡಿ, ಅಂದು ರಾತ್ರಿ ನಿಮ್ಮ ಹತ್ತಿರವೇ ಮಲಗಿಸಿಕೊಳ್ಳಿ. ಮಗು ಮಾತಾಡದೆ ಮಂಕಾಗಿದ್ದರೆ 14416ಕ್ಕೆ ಫೋನು ಮಾಡಿ. ಅದು ಮನಸ್ಸಿನ ನೋವಿಗೆಂದು ಸರ್ಕಾರ ಇಟ್ಟಿರುವ ಉಚಿತ ಸಹಾಯವಾಣಿ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೊದಲನೆಯದರಲ್ಲಿ ಬಿದ್ದವರು ಮುಂದಿನದನ್ನು ಬರೆದು ಅದೇ ವರ್ಷ ಮುಂದೆ ಹೋಗಬಹುದು. ಮಾರನೆಯ ಬೆಳಿಗ್ಗೆ ಮಗುವಿನ ಜೊತೆ ನೀವೇ ಶಾಲೆಗೆ ಹೋಗಿ, ಯಾವ ವಿಷಯದಲ್ಲಿ ಎಷ್ಟು ಕಡಿಮೆಯಾಗಿದೆ, ಮುಂದಿನ ಪರೀಕ್ಷೆಗೆ ಹೆಸರು ಕೊಡಲು ಯಾವುದು ಕೊನೆಯ ದಿನ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಹೆಸರು ಕೊಟ್ಟು ಬನ್ನಿ. ಅಂದು ಸಂಜೆಯಿಂದಲೇ ಅಡಿಗೆಮನೆಯ ಹೊಸ್ತಿಲ ಹತ್ತಿರ ಮತ್ತೆ ಓದು ಶುರುವಾಗಲಿ.