ದ್ವೇಷವನ್ನು ತಡೆಯುವ ವಿದ್ಯೆ

ಓದುಬರಹ ಬಲ್ಲವನು ಕೊಲೆ ಸುಲಿಗೆಗಳಿಗೆ ಕೈಹಾಕಲಾರನೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಇತಿಹಾಸವು ಈ ನಂಬಿಕೆಯನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ತಮ್ಮ ಪಂಗಡವೊಂದೇ ಬಾಳಲು ಯೋಗ್ಯವೆಂದು ಬಗೆದು, ಉಳಿದವರ ಮೇಲೆ ಹಿಂಸೆಯನ್ನೆಸಗುವ ಬುದ್ಧಿಯೇ ಉಗ್ರವಾದ. ಅದನ್ನು ತಡೆಯುವ ಶಕ್ತಿ ವಿದ್ಯೆಗೆ ಉಂಟೆ? ಉಂಟಾದರೆ ಅದು ಎಂತಹ ವಿದ್ಯೆ? ಆಫ್ರಿಕಾ ಖಂಡದ ರುವಾಂಡಾ ಎಂಬ ಚಿಕ್ಕ ದೇಶದ ಚರಿತ್ರೆಯು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ರುವಾಂಡಾದ ಹುಟು ಮತ್ತು ಟುಟ್ಸಿ ಪಂಗಡಗಳವರು ಒಂದೇ ಭಾಷೆಯನ್ನಾಡುವವರು, ನೆರೆಹೊರೆಯಾಗಿ ಬಾಳಿದವರು. ಬೆಲ್ಜಿಯಂ ದೇಶದ ಆಡಳಿತವು 1930ರ ದಶಕದಲ್ಲಿ ಅವರವರ ಗುರುತುಚೀಟಿಯಲ್ಲಿ ಪಂಗಡದ ಹೆಸರನ್ನು ಬರೆಯಿಸಿತು. 1962ರಲ್ಲಿ ದೇಶವು ಸ್ವತಂತ್ರವಾದ ಮೇಲೂ ಆ ಬರಹವು ಅಳಿಯಲಿಲ್ಲ. ಶಾಲೆಗಳಲ್ಲಿ ಉಪಾಧ್ಯಾಯರೇ ಮಕ್ಕಳನ್ನು ಪಂಗಡದಂತೆ ಎದ್ದು ನಿಲ್ಲಿಸಿ ಎಣಿಸುತ್ತಿದ್ದರು. ತಾವು ಬೇರೆಯವರೆಂಬುದನ್ನು ಎಷ್ಟೋ ಮಕ್ಕಳು ಮೊದಲು ಅರಿತುದು ತರಗತಿಯಲ್ಲಿಯೇ. 1994ರ ಏಪ್ರಿಲಿನಿಂದ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರು ಹತರಾದರು. ಅವರಲ್ಲಿ ಬಹುಪಾಲು ಟುಟ್ಸಿಗಳು. ಟುಟ್ಸಿಗಳನ್ನು ಜಿರಲೆಗಳೆಂದು ಕರೆದ ಒಂದು ರೇಡಿಯೋ ಕೇಂದ್ರವು ಜನರನ್ನು ಕೊಲೆಗೆ ಪ್ರಚೋದಿಸಿತು. ಕೊಲೆಗೆ ನೆರವಾದವರಲ್ಲಿ ವೈದ್ಯರೂ ಇದ್ದರು, ಉಪಾಧ್ಯಾಯರೂ ಇದ್ದರು. ದಿನವೂ ಹಾಜರಿ ಪುಸ್ತಕವನ್ನು ಹಿಡಿಯುವ ನಾವು ಈ ಮಾತನ್ನು ತಲೆತಗ್ಗಿಸಿಯೇ ಬರೆಯಬೇಕಾಗಿದೆ.

ಮೂರು ವರ್ಷಗಳ ತರುವಾಯ, ಅದೇ ದೇಶದ ನ್ಯಾಂಗೆ ಎಂಬಲ್ಲಿನ ಪ್ರೌಢಶಾಲೆಯಲ್ಲಿ ಬೇರೊಂದು ಪಾಠವು ನಡೆಯಿತು. 1997ರ ಮಾರ್ಚ್ 18ರ ರಾತ್ರಿ ಉಗ್ರಗಾಮಿಗಳು ಆಯುಧಗಳೊಡನೆ ತರಗತಿಗೆ ನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಬೇಕೆಂದು ಆಜ್ಞಾಪಿಸಿದರು. ಬದಿಗೆ ಸರಿದಿದ್ದರೆ ಹುಟು ಮಕ್ಕಳ ಪ್ರಾಣ ಉಳಿಯಬಹುದಿತ್ತು. ಆದರೆ ಯಾರೂ ಸರಿಯಲಿಲ್ಲ. ತಾವೆಲ್ಲರೂ ರುವಾಂಡಾದವರೆಂದು ಆ ಮಕ್ಕಳು ಉತ್ತರವಿತ್ತರು. ಆರು ಮಂದಿ ಪ್ರಾಣ ತೆತ್ತರು, ಅನೇಕರು ಗಾಯಗೊಂಡರು. ಇಂದು ಆ ದೇಶವು ಅವರನ್ನು ರಾಷ್ಟ್ರವೀರರೆಂದು ಗೌರವಿಸುತ್ತದೆ.

ವಿದ್ಯೆಯು ಗುಂಡನ್ನು ತಡೆಯಲಿಲ್ಲ, ನಿಜ. ಆದರೆ ಉಗ್ರವಾದಕ್ಕೆ ಕೊಲ್ಲುವವರಷ್ಟೇ ಸಾಲದು. ಹೇಳಿದೊಡನೆ ಬದಿಗೆ ಸರಿದು ನಿಲ್ಲುವವರೂ ಬೇಕು. ಅಂಥವರು ಆ ರಾತ್ರಿ ಅಲ್ಲಿ ದೊರೆಯಲಿಲ್ಲ. ಮಕ್ಕಳನ್ನು ವಿಂಗಡಿಸಿದುದೂ ಶಾಲೆಯೇ, ಒಂದುಗೂಡಿಸಿದುದೂ ಶಾಲೆಯೇ. ಆದಕಾರಣ ಎಷ್ಟು ಕಲಿತೆವೆಂಬುದಕ್ಕಿಂತ ಏನನ್ನು ಕಲಿತೆವೆಂಬುದೇ ಮುಖ್ಯ.

ವಿದ್ಯಾರ್ಥಿಗಳೇ, ಹಲವು ಭಾಷೆ, ಹಲವು ಮತಗಳ ಜನರು ಒಂದೇ ಮೆಟ್ಟಿಲನ್ನು ಹತ್ತಿಳಿಯುವ ನಗರದಲ್ಲಿ ನಾವಿದ್ದೇವೆ. ಒಂದು ಜನಾಂಗವನ್ನೇ ಹಳಿಯುವ ಮಾತು ಮೊಬೈಲಿನಲ್ಲಿಯೋ ಬೀದಿಯಲ್ಲಿಯೋ ಕಿವಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದನ್ನು ಹೇಳಿದವರು ಯಾರು? ಅವರಿಗೆ ಇದು ಹೇಗೆ ತಿಳಿಯಿತು? ಇದನ್ನು ನಂಬಿದರೆ ಯಾರಿಗೆ ಲಾಭ? ಬಳಿಕ ನಮ್ಮ ಪಕ್ಕದಲ್ಲಿ ಕುಳಿತ ಗೆಳೆಯನ ಮುಖವನ್ನೊಮ್ಮೆ ನೋಡೋಣ. ತರಗತಿಯಲ್ಲಿ ಯಾರನ್ನೂ ಬೇರೆಯಾಗಿ ನಿಲ್ಲಿಸದಿರುವುದು ಉಪಾಧ್ಯಾಯರಾದ ನಮ್ಮ ಹೊಣೆ. ಬೇರೆಯಾಗಿ ನಿಲ್ಲೆಂದರೆ ನಿಲ್ಲದಿರುವುದು ನಿಮ್ಮ ಹೊಣೆ.